ಪಾಸೌದಿಂದ ವಿಯೆನ್ನಾಗೆ ಸೈಕಲ್: ಐದು ದಿನ ಸಾಕಾ?

ಜರ್ಮನಿಯ ಪಾಸೌದಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ಸೈಕಲ್ ದಾರಿಯನ್ನು ಐದು ದಿನದಲ್ಲಿ ಆರಾಮಾಗಿ ಮುಗಿಸಬಹುದಾ ಅಂತ ಕೇಳಿದ್ದೀರಿ. ಮುಗಿಸಬಹುದು, ಆರಾಮಾಗಿ ಅಲ್ಲ. ದಾರಿ ಸುಮಾರು 320 ಕಿ.ಮೀ., ದಿನಕ್ಕೆ 65ರ ಹತ್ತಿರ ತುಳಿಯಬೇಕು. ಡಾನ್ಯೂಬ್ ನದಿಯ ದಂಡೆಯಲ್ಲೇ ಸಾಗುವುದರಿಂದ ಏರು ಕಡಿಮೆ, ಅದೊಂದು ಪುಣ್ಯ. ನನ್ನ ಕೇಳಿದರೆ ಏಳು ದಿನ ಇಟ್ಟುಕೊಳ್ಳಿ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆ ಬರೀ 35 ಕಿ.ಮೀ. ಅದಕ್ಕೇ ಒಂದು ಪೂರ್ತಿ ದಿನ ಕೊಡಿ. ಗುಡ್ಡದ ಮೈತುಂಬಾ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ, ಅಲ್ಲಲ್ಲಿ ಏಪ್ರಿಕಾಟ್ ಮರಗಳು. ಹಳೇ ಊರುಗಳು ಜಾಸ್ತಿ ಇರುವುದು ಉತ್ತರ ದಂಡೆಯಲ್ಲಿ. ಆದರೆ ಡ್ಯೂರ್ನ್‌ಸ್ಟೈನ್‌ನ ಚರ್ಚಿನ ನೀಲಿ ಗೋಪುರ ನೀರಿನಾಚೆ ನಿಂತದ್ದನ್ನು ನೋಡಬೇಕಂದ್ರೆ ದಕ್ಷಿಣದಲ್ಲೇ ಇರಬೇಕು. ನಡುವೆ ಸೈಕಲ್ ಹತ್ತಿಸಿಕೊಳ್ಳುವ ದೋಣಿಗಳಿವೆ, ದಂಡೆ ಬದಲಿಸುತ್ತಾ ಹೋಗಿ.

ಬೆನ್ನಿಗೆ ಬ್ಯಾಗ್ ಮಾತ್ರ ಬೇಡ, ಹಿಂದಿನ ಕ್ಯಾರಿಯರ್‌ಗೆ ಕಟ್ಟಿಬಿಡಿ.