ಕೆಂಪು ಟೋಪಿಯ ಪಡೆಯನ್ನು ಮೊದಲೇ ಏಕೆ ವಿಸರ್ಜಿಸಲಿಲ್ಲ?

ಯುಗೊಸ್ಲಾವಿಯದ ಅಧ್ಯಕ್ಷ ಮಿಲೊಶೆವಿಚ್ 2000ರ ಅಕ್ಟೋಬರ್‌ನಲ್ಲಿ ಪದಚ್ಯುತನಾದ ಮೇಲೂ ಸೆರ್ಬಿಯಾದ 'ಕೆಂಪು ಟೋಪಿ' ವಿಶೇಷ ಪಡೆ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದದ್ದೇಕೆ ಎಂದು ತಾವು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ, ಹೊಸ ಸರ್ಕಾರವು ಆ ಪಡೆಯ ಋಣದಲ್ಲಿಯೇ ಹುಟ್ಟಿತ್ತು: ಬೀದಿಗಿಳಿದ ಜನರ ಮೇಲೆ ಗುಂಡು ಹಾರಿಸುವುದಿಲ್ಲವೆಂಬ ಭರವಸೆಯನ್ನು ಅದರ ದಂಡನಾಯಕ 'ಲೆಗಿಯ' ಮಿಲೊರಾದ್ ಉಲೆಮೆಕ್‌ನಿಂದ ಪಡೆದವರು ಸ್ವತಃ ವಿರೋಧಪಕ್ಷದ ನಾಯಕ, ಮುಂದೆ ಪ್ರಧಾನಿಯಾದ ಜೊರಾನ್ ಜಿಂಜಿಚ್.

ಹೆಸರಿಗೆ ಪೊಲೀಸ್ ಪಡೆಯಾದರೂ ಅದು ಗುಪ್ತಚರ ಇಲಾಖೆಯ ಕೂಸು. 1997ರಲ್ಲಿ ಕುಲಾ ಶಿಬಿರದ ಸಮಾರಂಭದಲ್ಲಿ ಗುಪ್ತಚರ ಅಧಿಕಾರಿ ಫ್ರಾಂಕೊ ಸಿಮಾತೊವಿಚ್ ಮಿಲೊಶೆವಿಚ್‌ನೆದುರು ಪಡೆಯ ಯುದ್ಧಕಾಲದ ಸಾಹಸಗಳನ್ನು ಹೆಮ್ಮೆಯಿಂದ ವರ್ಣಿಸಿದ ವಿಡಿಯೊ ಮುಂದೆ ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು. (ಹೊಗಳಿಕೆಗೆಂದು ತೆಗೆದ ಚಿತ್ರ ಕೊರಳಿಗೇ ಸುತ್ತಿಕೊಂಡಿತು.) ಆತನಿಗೂ ಗುಪ್ತಚರ ಮುಖ್ಯಸ್ಥ ಸ್ತಾನಿಶಿಚ್‌ಗೂ ಅಲ್ಲಿ ವಿಧಿಸಿದ್ದ ಶಿಕ್ಷೆ 2023ರಲ್ಲಿ ಮೇಲ್ಮನವಿಯ ಬಳಿಕ ತಲಾ 15 ವರ್ಷಗಳಿಗೆ ಏರಿತು.

ದೇಶದೊಳಗೂ ಅದರ ಕೈ ಚಾಚಿತ್ತು. ಮಾಜಿ ಅಧ್ಯಕ್ಷ ಇವಾನ್ ಸ್ತಾಂಬೊಲಿಚ್ ಅವರನ್ನು 2000ರ ಆಗಸ್ಟ್‌ನಲ್ಲಿ ಅಪಹರಿಸಿ ಕೊಂದವರು ಈ ಪಡೆಯವರೇ. 2001ರ ನವೆಂಬರ್‌ನಲ್ಲಿ, ಹೇಗ್‌ಗೆ ಆರೋಪಿಗಳನ್ನು ಒಪ್ಪಿಸಿದ್ದನ್ನು ಪ್ರತಿಭಟಿಸಿ ಅದು ಶಸ್ತ್ರಸಜ್ಜಿತ ವಾಹನಗಳಿಂದ ಬೆಲ್‌ಗ್ರೇಡ್‌ನ ಹೆದ್ದಾರಿಯನ್ನು ತಡೆದಾಗ, ಸರ್ಕಾರವು ಪಡೆಯನ್ನು ಮುಚ್ಚುವ ಬದಲು ಗುಪ್ತಚರ ಮುಖ್ಯಸ್ಥರನ್ನೇ ಬದಲಿಸಿತು. ಅವಕಾಶ ಕೈತಪ್ಪಿದ್ದು ಅಲ್ಲಿಯೇ ಎಂದು ನನಗನ್ನಿಸುತ್ತದೆ.

2003ರ ಮಾರ್ಚ್ 12ರಂದು ಪ್ರಧಾನಿ ಜಿಂಜಿಚ್ ಅವರನ್ನು ಸರ್ಕಾರಿ ಕಟ್ಟಡದ ಬಾಗಿಲಲ್ಲಿ ಗುಂಡಿಕ್ಕಿ ಕೊಂದವನು ಅದೇ ಪಡೆಯ ಉಪದಂಡನಾಯಕ. ವಿಸರ್ಜನೆಯ ಆದೇಶ ಹೊರಬಿದ್ದದ್ದು ಮಾರ್ಚ್ 25ರಂದು.