ಪ್ರತಿಕ್ರಿಯೆ: ಅವನಿಗೆ ಆಪರೇಷನ್, ಇವನಿಗೆ ಕಾಯೋಣ ಅಂದಿದ್ದು ಯಾಕೆ?

ಬೇಲೂರಿನಿಂದ ಕೇಳಿದ್ದೀರಿ. ನಿಮ್ಮ 5 ವರ್ಷದ ಮಗನಿಗೂ ಚಿಕ್ಕಮಗಳೂರಿನಲ್ಲಿರುವ ಭಾವನ 9 ವರ್ಷದ ಮಗನಿಗೂ ಸೊಂಟದ ಪರ್ಥಿಸ್ ಕಾಯಿಲೆ. ಅವನಿಗೆ ಆಪರೇಷನ್, ಇವನಿಗೆ ‘ಕಾಯೋಣ’. ಡಾಕ್ಟರು ಅಸಡ್ಡೆ ಮಾಡುತ್ತಿದ್ದಾರಾ ಅಂತ ನಿಮ್ಮ ಅನುಮಾನ, ಅಲ್ವಾ?

ನನಗೆ ಹಾಗೆ ಅನಿಸುವುದಿಲ್ಲ. ನನ್ನ ಮಗನಿಗೂ ಇದೇ ಆಗಿತ್ತು. ಮಂಡಿ ನೋವು ಅನ್ನುತ್ತಿದ್ದ, ನಾವು ಎರಡು ತಿಂಗಳು ಸುಮ್ನೆ ಮಂಡಿಗೆ ಎಣ್ಣೆ ತಿಕ್ಕಿದೆವು! ತೊಂದರೆ ಇದ್ದದ್ದು ಸೊಂಟದ ಕೀಲಿನಲ್ಲಿ.

ಅಲ್ಲಿ ತೊಡೆಮೂಳೆಯ ಮೇಲಿನ ದುಂಡು ತುದಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಮೂಳೆ ಕುಸಿದು, ಕೆಲವು ವರ್ಷಗಳಲ್ಲಿ ಮತ್ತೆ ಬೆಳೆಯುತ್ತದೆ. 6 ವರ್ಷದೊಳಗೆ ಶುರುವಾದರೆ ಅದು ದುಂಡಗಾಗಲು ಬೇಕಾದಷ್ಟು ಸಮಯವಿರುತ್ತದೆ. 8 ದಾಟಿದರೆ ಆ ಸಮಯ ಕಡಿಮೆ.

ವಯಸ್ಸೊಂದೇ ಅಲ್ಲ. ಎಕ್ಸ್‌ರೇಯಲ್ಲಿ ಆ ದುಂಡು ತುದಿಯ ಹೊರಬದಿ ಎಷ್ಟು ಕುಸಿದಿದೆ ಅಂತ ನೋಡುತ್ತಾರೆ. ಕುಸಿಯದಿದ್ದರೆ ‘ಎ’, ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ‘ಬಿ’, ಕಡಿಮೆಯಾದರೆ ‘ಸಿ’. ಅಮೆರಿಕದ ಹೆರಿಂಗ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 8 ದಾಟಿದ ‘ಬಿ’ ಮಕ್ಕಳಿಗೆ ಆಪರೇಷನ್‌ನಿಂದ ಲಾಭವಾಗಿತ್ತು. ಚಿಕ್ಕವರ ‘ಬಿ’ ಹೇಗೂ ಚೆನ್ನಾಗಿಯೇ ವಾಸಿಯಾಗಿತ್ತು. ‘ಸಿ’ಯಲ್ಲಿ ಮಾತ್ರ ಏನು ಮಾಡಿದರೂ ಫಲ ಅಷ್ಟಕ್ಕಷ್ಟೆ.

ಚಿಕ್ಕವನು ಅಂತ ಪೂರ್ತಿ ನಿಶ್ಚಿಂತೆ ಬೇಡ. ಶುರುವಿನ ಎಕ್ಸ್‌ರೇಯಲ್ಲಿ ದರ್ಜೆ ಗೊತ್ತಾಗುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಕರೆಯುವುದು. ಹಾಸನಕ್ಕೆ ಓಡಾಟ ಬೇಜಾರು, ಆದರೂ ತಪ್ಪಿಸಬೇಡಿ. ಕಾಲು ಪಕ್ಕಕ್ಕೆ ಅಗಲಿಸುವುದು ಕಡಿಮೆಯಾದರೆ ಮಾತ್ರ ಹೇಳಿದ ದಿನದವರೆಗೂ ಕಾಯಬೇಡಿ, ಮೊದಲೇ ತೋರಿಸಿ.