ಮಕ್ಕಳನ್ನು ಕಟ್ಟಿಕೊಂಡು ವಿದೇಶಕ್ಕೆ: ಮೊದಲು ಕಾಗದ, ಆಮೇಲೆ ಪೆಟ್ಟಿಗೆ

ಬೇರೆ ಬೇರೆ ಪೋಷಕರ ಪ್ರಶ್ನೆಗಳಿಗೆ ಉತ್ತರ.

ಪ್ರಶ್ನೆ: ಇನ್ನು ಐದು ತಿಂಗಳಲ್ಲಿ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿ ನೆಲೆಸಬೇಕು. ಮಕ್ಕಳಿಗೆ ಐದು ವರ್ಷ ಮತ್ತು ಒಂದೂವರೆ ವರ್ಷ. ಮಾಡಬೇಕಾದ ಕೆಲಸಗಳ ಪಟ್ಟಿ ದಿನಾ ಉದ್ದವಾಗುತ್ತಿದೆ, ಯಾವುದೂ ಮುಗಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಟ್ಟಿಯನ್ನು ಎರಡು ಹೋಳು ಮಾಡಿ: ನಿಮ್ಮ ಕೈಯಲ್ಲಿರುವ ಕೆಲಸ, ಇನ್ನೊಬ್ಬರ ಕೈಯಲ್ಲಿರುವ ಕೆಲಸ. ಸಾಮಾನು ಕಟ್ಟುವುದು, ಮಾರುವುದು, ಮನೆ ಖಾಲಿ ಮಾಡುವುದು ನಾಲ್ಕು ರಾತ್ರಿ ನಿದ್ದೆಗೆಟ್ಟರೂ ಮುಗಿಯುತ್ತವೆ. ಕಾಗದಪತ್ರ ಹಾಗಲ್ಲ. ಅದು ಕಚೇರಿಗಳ ಗತಿಯಲ್ಲೇ ಸಾಗುತ್ತದೆ, ಅದೂ ಒಂದರ ಬಾಲ ಇನ್ನೊಂದು ಹಿಡಿದುಕೊಂಡು. ಜನನ ಪ್ರಮಾಣಪತ್ರದಲ್ಲಿ ತಪ್ಪಿದ್ದರೆ ಪಾಸ್‌ಪೋರ್ಟ್ ನಿಲ್ಲುತ್ತದೆ, ಪಾಸ್‌ಪೋರ್ಟ್ ನಿಂತರೆ ವೀಸಾ ಅರ್ಜಿ ನಿಲ್ಲುತ್ತದೆ. ಹೊರಡುವ ದಿನವನ್ನು ಗುರುತು ಹಾಕಿಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ. ಮಕ್ಕಳ ಕಾಗದಗಳು ಈ ವಾರವೇ ಶುರುವಾಗಬೇಕು ಅನ್ನುವುದು ಆಗ ತಾನಾಗಿ ಗೊತ್ತಾಗುತ್ತದೆ.

ಮೊದಲ ಕೆಲಸ: ಮಕ್ಕಳ ಮತ್ತು ನಿಮ್ಮಿಬ್ಬರ ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ, ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದರ ಪೂರ್ಣ ರೂಪ. ತಾಯಿಯ ಹೆಸರು ಮದುವೆ ಪತ್ರದಲ್ಲಿ ಒಂದು ಥರ, ಮಗುವಿನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಊರಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ವೀಸಾ ಅಧಿಕಾರಿಗೆ ಮಾತ್ರ ಇವರು ಇಬ್ಬರು ಬೇರೆ ಬೇರೆ ಹೆಂಗಸರು. ಹೆಸರಿನ ತಿದ್ದುಪಡಿಗೆ ಹಿಡಿಯುವಷ್ಟು ಕಾಲ ಬೇರಾವ ಕೆಲಸಕ್ಕೂ ಹಿಡಿಯುವುದಿಲ್ಲ, ಆದ್ದರಿಂದ ಇದು ಮೊದಲು.

ಎರಡನೆಯದು ಪಾಸ್‌ಪೋರ್ಟಿನ ಅವಧಿ. ಹೊರಗೆ ಹೋದ ದಿನದಿಂದ ಕನಿಷ್ಠ ಆರು ತಿಂಗಳ ಮಾನ್ಯತೆ ಉಳಿದಿರಬೇಕು ಎಂದು ಅನೇಕ ದೇಶಗಳು ಕೇಳುತ್ತವೆ. ಮಕ್ಕಳ ಪಾಸ್‌ಪೋರ್ಟ್ ಬಹಳ ಕಡೆ ಐದೇ ವರ್ಷಕ್ಕೆ ಕೊಡುವುದರಿಂದ, ಹುಟ್ಟಿದ ವರ್ಷವೇ ಮಾಡಿಸಿದ್ದರೆ ದೊಡ್ಡ ಮಗುವಿನದ್ದು ಈಗ ಮುಗಿಯುವ ಹೊತ್ತು. ಅಪ್ಪ ಅಮ್ಮ ತಮ್ಮದನ್ನು ನೋಡಿಕೊಂಡು ನಿಶ್ಚಿಂತರಾಗುತ್ತಾರೆ, ಮಗುವಿನದ್ದು ಕಣ್ತಪ್ಪುತ್ತದೆ.

ಮೂರನೆಯದು ಅಪೊಸ್ಟಿಲ್, ಅಂದರೆ ದಾಖಲೆ ಅಸಲಿ ಎಂದು ವಿದೇಶದ ಬಳಕೆಗಾಗಿ ಸರ್ಕಾರ ಕೊಡುವ ದೃಢೀಕರಣ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ಈ ಒಂದು ಮುದ್ರೆ ಸಾಕು. ಸೇರದ ದೇಶಕ್ಕಾದರೆ ಸರ್ಕಾರದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು, ಸಮಯ ಎರಡು ಪಟ್ಟು ಇಟ್ಟುಕೊಳ್ಳಿ. ಹಳೆಯ ಮಾಹಿತಿ ನಂಬಬೇಡಿ: ಚೀನಾದಲ್ಲಿ ಇದು ಜಾರಿಗೆ ಬಂದದ್ದು 2023ರ ನವೆಂಬರಿನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ. ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಚೆನ್ನಾಗಿರಲಿ ಎಂದು ಜನನ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿರುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಒತ್ತಲಾಗದು, ಹೊಸ ಪ್ರತಿಯನ್ನೇ ತೆಗೆಸಬೇಕಾಗುತ್ತದೆ. ಅಪೊಸ್ಟಿಲ್ ಹಾಳೆಯನ್ನು ಮೂಲ ಪತ್ರಕ್ಕೆ ಪಿನ್ ಹೊಡೆದು ಕೊಟ್ಟಿದ್ದರೆ, ಸ್ಕ್ಯಾನ್ ಮಾಡಲು ಪಿನ್ ಕಿತ್ತು ಮತ್ತೆ ಹೊಡೆಯುತ್ತಾರೆ. ಎರಡು ಜೊತೆ ತೂತು ಕಂಡರೆ ಹಾಳೆ ಬದಲಾಯಿಸಿದ್ದಾರೆಂಬ ಅನುಮಾನಕ್ಕೆ ಅಷ್ಟೇ ಸಾಕು. ಹಾಳೆಯನ್ನು ಮಡಚಿ ಹಾಗೆಯೇ ಸ್ಕ್ಯಾನ್ ಮಾಡಿ. ಮೂರನೆಯದು ಅನುವಾದ. ಮೊದಲು ಅಪೊಸ್ಟಿಲ್, ಆಮೇಲೆ ಅನುವಾದ. ಅಪೊಸ್ಟಿಲ್ ಹಾಳೆಯೂ ಅನುವಾದವಾಗಬೇಕು ಎನ್ನುವ ಕಡೆ, ಮೊದಲೇ ಅನುವಾದ ಮಾಡಿಸಿದವರು ಎರಡು ಸಲ ದುಡ್ಡು ತೆರುತ್ತಾರೆ. ಹೋಗುವ ದೇಶ ತನ್ನಲ್ಲೇ ನೋಂದಾಯಿತ ಅನುವಾದಕರನ್ನು ಮಾತ್ರ ಒಪ್ಪುತ್ತದೆಯೇ ಎಂದೂ ಮೊದಲೇ ಕೇಳಿಕೊಳ್ಳಿ.

ಮನೆ ಹುಡುಕಲು ಒಬ್ಬರು ಮುಂಚೆ ಹೋಗಿ, ಇನ್ನೊಬ್ಬರು ಮಕ್ಕಳೊಂದಿಗೆ ಆಮೇಲೆ ಹೊರಡುವುದಾದರೆ, ಮುಂಚೆ ಹೋಗುವವರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಮಗುವಿನ ಪಾಸ್‌ಪೋರ್ಟ್ ಸಂಖ್ಯೆ, ಪ್ರಯಾಣದ ದಿನಾಂಕ, ಒಪ್ಪಿಗೆ ಕೊಟ್ಟವರ ಫೋನ್ ಮೂರೂ ಅದರಲ್ಲಿರಲಿ. ಎಲ್ಲ ಗಡಿಯಲ್ಲೂ ಕೇಳುವುದಿಲ್ಲ, ನಿಜ. ಕೇಳಿದಾಗ ಇಲ್ಲದಿದ್ದರೆ ಮಾತ್ರ ಎರಡು ಮಕ್ಕಳನ್ನು ಸೊಂಟಕ್ಕೊಂದು ಕೈಗೊಂದು ಹಿಡಿದು ಪಕ್ಕದ ಕೋಣೆಯಲ್ಲಿ ಕೂರಬೇಕಾಗುತ್ತದೆ.

ಪ್ರಶ್ನೆ: ಮಗಳ ಲಸಿಕೆ ಕಾರ್ಡ್ ಇದೆ, ಎಲ್ಲ ಲಸಿಕೆಯೂ ಆಗಿದೆ. ಅಲ್ಲಿನ ಶಾಲೆಗೆ ಅಷ್ಟು ಸಾಲದೇ? ಜ್ವರದ ಔಷಧಿ ಇಲ್ಲಿಂದಲೇ ಒಯ್ಯಬಹುದೇ?

ಉತ್ತರ: ಕಾರ್ಡ್ ಇದ್ದರೆ ಸಾಲದು, ಅದನ್ನು ಅಲ್ಲಿನ ನರ್ಸ್ ಓದುವಂತಿರಬೇಕು. 04/07/2021 ಎಂದು ಬರೆದಿದೆ ಅನ್ನಿ. ನಿಮಗೆ ಅದು ಜುಲೈ 4, ಅಮೆರಿಕದಲ್ಲಿ ಏಪ್ರಿಲ್ 7. ಮೂರು ತಿಂಗಳು ಆಚೀಚೆಯಾದರೆ ಎರಡು ಡೋಸ್‌ಗಳ ನಡುವಿನ ಅಂತರ ಸಾಲದೆಂದು ಲೆಕ್ಕ ಬಂದು, ಹಾಕಿಸಿದ ಲಸಿಕೆಯನ್ನೇ ಮತ್ತೆ ಹಾಕಿಸಲು ಹೇಳುತ್ತಾರೆ. ವೈದ್ಯರಿಂದ ಲೆಟರ್‌ಹೆಡ್ ಮೇಲೆ ಒಂದು ಪಟ್ಟಿ ಟೈಪ್ ಮಾಡಿಸಿ: ತಿಂಗಳು ಅಕ್ಷರದಲ್ಲಿ, ಬ್ರಾಂಡ್ ಹೆಸರಿನ ಬದಲು ಯಾವ ರೋಗದ ಲಸಿಕೆ ಎಂಬುದು, ಎಷ್ಟನೇ ಡೋಸ್, ಕೆಳಗೆ ಸಹಿ ಮತ್ತು ಮೊಹರು.

ವೇಳಾಪಟ್ಟಿಗಳೂ ಬೇರೆ ಬೇರೆ. ದಡಾರ ಹೆಚ್ಚಿರುವ ದೇಶಗಳಲ್ಲಿ ಮೊದಲ ಡೋಸ್ ಒಂಬತ್ತನೇ ತಿಂಗಳಿಗೆ ಹಾಕುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಆ ಡೋಸ್ ಗಣನೆಗೇ ಬರುವುದಿಲ್ಲ, ಇನ್ನೊಂದು ಬೇಕೆನ್ನುತ್ತಾರೆ. ಇದು ನಿಮ್ಮ ವೈದ್ಯರ ತಪ್ಪಲ್ಲ, ಜಗಳಕ್ಕೂ ಇಳಿಯಬೇಡಿ. ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಗಳನ್ನು ಒಂದೇ ದಿನ ಹಾಕಿಸಬಹುದು. ಬೇರೆ ದಿನವಾದರೆ ನಡುವೆ ಕನಿಷ್ಠ 28 ದಿನ ಬೇಕು. ಹೊರಡುವ ಹಿಂದಿನ ವಾರ ಓಡಾಡಿದರೆ ಕೆಲಸ ಕೆಡುವುದು ಇಲ್ಲೇ. ಬಿಸಿಜಿ (ಕ್ಷಯದ ಲಸಿಕೆ) ಆದ ಮಗುವಿಗೆ ಕ್ಷಯದ ಚರ್ಮ ಪರೀಕ್ಷೆಯಲ್ಲಿ ಸುಮ್ಮನೆ ಪಾಸಿಟಿವ್ ಬರಬಹುದು, ರಕ್ತ ಪರೀಕ್ಷೆಗೆ ಬಿಸಿಜಿ ಅಡ್ಡಿಯಾಗುವುದಿಲ್ಲ. ಅದನ್ನೇ ಮಾಡಲು ಕೇಳಿ. ದಾರಿಯಲ್ಲೋ ತಲುಪುವಲ್ಲೋ ಹಳದಿ ಜ್ವರದ ಪ್ರಮಾಣಪತ್ರ ಬೇಕಿದ್ದರೆ, ಅದು ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತ.

ಔಷಧಿಯ ವಿಷಯದಲ್ಲಿ ನನ್ನ ದೊಡ್ಡ ಭಯ ಚಮಚದ ಲೆಕ್ಕ. ಪ್ಯಾರಸಿಟಮಾಲ್ ಸಿರಪ್ 5 ಮಿಲಿಗೆ 120 ಮಿಲಿಗ್ರಾಂ, 160 ಮಿಲಿಗ್ರಾಂ, 250 ಮಿಲಿಗ್ರಾಂ ಹೀಗೆ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. ಅಮೆರಿಕ, ಜಪಾನಿನಲ್ಲಿ ಇದಕ್ಕೆ ಅಸೆಟಮಿನೊಫೆನ್ ಎನ್ನುತ್ತಾರೆ, ಎರಡೂ ಒಂದೇ. ಬೇರೆ ಔಷಧಿಯೆಂದು ತಿಳಿದು ಎರಡನ್ನೂ ಕೊಟ್ಟವರಿದ್ದಾರೆ. ನಿಮ್ಮ ಮಗುವಿಗೆ 120ರ ಸಿರಪ್ 7.5 ಮಿಲಿ ರೂಢಿಯಾಗಿದ್ದರೆ ಒಳಗೆ ಹೋಗುವುದು 180 ಮಿಲಿಗ್ರಾಂ. ಅದೇ 7.5 ಮಿಲಿಯನ್ನು 250ರ ಬಾಟಲಿಯಿಂದ ಕೊಟ್ಟರೆ 375 ಮಿಲಿಗ್ರಾಂ, ಎರಡು ಪಟ್ಟಿಗಿಂತ ಹೆಚ್ಚು. ವೈದ್ಯರಿಂದ ಡೋಸನ್ನು ಮಿಲಿಗ್ರಾಂನಲ್ಲಿ ಬರೆಸಿಕೊಂಡು ಹೋಗಿ. ನೆಗಡಿ ಔಷಧಿಗಳನ್ನು ಸುಮ್ಮನೆ ತುಂಬಿಕೊಳ್ಳಬೇಡಿ. ಅವುಗಳಲ್ಲಿ ಸ್ಯೂಡೋಎಫೆಡ್ರಿನ್ ಎಂಬ ಅಂಶ ಶೇ. 10ಕ್ಕಿಂತ ಹೆಚ್ಚಿರುವುದನ್ನು ಜಪಾನ್ ಒಳಗೇ ಬಿಡುವುದಿಲ್ಲ.

ಪ್ರಶ್ನೆ: ಮಗ ಇಲ್ಲಿ ಒಂದನೇ ತರಗತಿ. ಅಲ್ಲಿ ಒಂದು ವರ್ಷ ಹಿಂದೆ ಹಾಕುತ್ತಾರಂತೆ. ವರ್ಷದ ನಡುವೆ ಸೇರಿಸುವುದು ಒಳ್ಳೆಯದೇ, ಕಾಯುವುದೇ?

ಉತ್ತರ: ಹೆಚ್ಚಿನ ಕಡೆ ತರಗತಿ ನಿಗದಿಯಾಗುವುದು ಹುಟ್ಟಿದ ದಿನಾಂಕದಿಂದ, ಹಿಂದೆ ಓದಿದ್ದರಿಂದಲ್ಲ. ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ ಹುಟ್ಟಿದವರೆಲ್ಲ ಒಂದು ತಂಡ. ಫಿನ್‌ಲೆಂಡಿನಲ್ಲಿ ಏಳು ತುಂಬುವ ವರ್ಷ ಶಾಲೆ ಶುರು. ನ್ಯೂಜಿಲೆಂಡಿನಲ್ಲಿ ಸಾಮಾನ್ಯವಾಗಿ ಐದು ತುಂಬಿದ ಮೇಲೆ. ವರ್ಷ ಶುರುವಾಗುವುದೂ ಒಂದೇ ಹೊತ್ತಿಗಲ್ಲ: ಜಪಾನಿನಲ್ಲಿ ಏಪ್ರಿಲ್, ಸಿಂಗಾಪುರದಲ್ಲಿ ಜನವರಿ, ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆ, ಫೆಬ್ರವರಿ. ಆರು ವರ್ಷದೊಳಗಿನ ಮಗು ‘ಹಿಂದೆ’ ಬಿದ್ದರೆ ಅದು ಅಪ್ಪ ಅಮ್ಮನಿಗೆ ಮಾತ್ರ ಗೊತ್ತಾಗುವ ಸಂಗತಿ. ಹೊಸ ಭಾಷೆ ಕಲಿಯುವ ಮಗುವಿಗೆ ಗೊತ್ತಿರುವ ಪಾಠವೇ ಮತ್ತೆ ಬಂದರೆ ಅನುಕೂಲ. ಹೊಸ ವರ್ಷ ಶುರುವಾಗುವ ಮೂರು ನಾಲ್ಕು ವಾರ ಮುಂಚೆ ತಲುಪಿದರೆ ಒಳಿತು. ಆಗದಿದ್ದರೆ ದೀರ್ಘ ರಜೆಯ ಆರಂಭಕ್ಕಿಂತ ಅವಧಿಯ ನಡುವೆ ಹೋಗುವುದೇ ವಾಸಿ. ರಜೆಯಲ್ಲಿ ಹೋದರೆ ಎರಡು ತಿಂಗಳು ಒಬ್ಬ ಗೆಳೆಯನೂ ಸಿಗುವುದಿಲ್ಲ.

ಸರ್ಕಾರಿ ಶಾಲೆಗೆ ಸಾಮಾನ್ಯವಾಗಿ ವಿಳಾಸದ ಪುರಾವೆ ಬೇಕು, ಅಂದರೆ ಬಾಡಿಗೆ ಕರಾರು. ತಾತ್ಕಾಲಿಕ ವಸತಿಯ ವಿಳಾಸಕ್ಕೆ ಶಾಲೆ ಸಿಗದೇ ಹೋಗಬಹುದು. ಮನೆ ಹುಡುಕುವಾಗ ಕಚೇರಿಯ ದೂರಕ್ಕಿಂತ ಮೊದಲು ಶಾಲೆಯ ವ್ಯಾಪ್ತಿಯ ಗಡಿ ನೋಡಿ.

ಪ್ರಶ್ನೆ: ಆಟಿಕೆ, ಕಾರ್ ಸೀಟ್, ಮಿಕ್ಸಿ ಎಲ್ಲ ಕಂಟೇನರಿನಲ್ಲಿ ಕಳಿಸೋಣವೆಂದಿದ್ದೇವೆ.

ಉತ್ತರ: ಕಾರ್ ಸೀಟ್ ಬೇಡ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಆಯಾ ದೇಶದ ಗುಣಮಟ್ಟದ ಗುರುತಿಲ್ಲದ ಸೀಟ್ ಬಳಸುವುದೇ ಕಾನೂನುಬಾಹಿರ. ಯುರೋಪಿನ ಮತ್ತು ಅಮೆರಿಕದ ಗುಣಮಟ್ಟಗಳೂ ಬೇರೆ. ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಮೊದಲ ಗಾಡಿಗೇ ಸೀಟ್ ಬೇಕು, ಅದನ್ನು ಮುಂಚೆಯೇ ಗೊತ್ತು ಮಾಡಿಕೊಳ್ಳಿ. 230 ವೋಲ್ಟಿನ ಮಿಕ್ಸಿ 120 ವೋಲ್ಟಿನ ದೇಶದಲ್ಲಿ ತಿರುಗಲು ಭಾರವಾದ ಟ್ರಾನ್ಸ್‌ಫಾರ್ಮರ್ ಬೇಕು, ತಿರುಗಿದರೂ 50 ಮತ್ತು 60 ಹರ್ಟ್ಸ್‌ಗಳ ವ್ಯತ್ಯಾಸ ಉಳಿಯುತ್ತದೆ. ಲ್ಯಾಪ್‌ಟಾಪ್, ಫೋನ್ ಚಾರ್ಜರುಗಳ ಮೇಲೆ ‘100–240’ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು.

ಇತರರೊಂದಿಗೆ ಹಂಚಿಕೊಳ್ಳುವ ಕಂಟೇನರ್ ತುಂಬಿದ ಮೇಲಷ್ಟೇ ಹೊರಡುತ್ತದೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎರಡು ಮೂರು ತಿಂಗಳು ಹಿಡಿದರೂ ಆಶ್ಚರ್ಯಪಡಬೇಡಿ. ಒಂದೂವರೆ ವರ್ಷದ ಮಗುವಿನ ಬಟ್ಟೆ ಬಂದಿಳಿಯುವ ಹೊತ್ತಿಗೆ ಚಿಕ್ಕದಾಗಿರುತ್ತದೆ. ವಿಮಾನದಲ್ಲಿ ಕಳಿಸುವುದಾದರೆ ತೂಕಕ್ಕಷ್ಟೇ ಅಲ್ಲ, ಗಾತ್ರಕ್ಕೂ ಬೆಲೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. 60×50×40ರ ಪೆಟ್ಟಿಗೆಯಲ್ಲಿ ಎಂಟು ಕಿಲೋ ಮೆತ್ತನೆಯ ಗೊಂಬೆಗಳಿದ್ದರೂ ಬಿಲ್ ಇಪ್ಪತ್ತು ಕಿಲೋಗೆ. ಪುಸ್ತಕವಾದರೆ ತಿರುಗುಮುರುಗು, ಅಲ್ಲಿ ತೂಕವೇ ಗೆಲ್ಲುತ್ತದೆ.

ಹೊಸದಾಗಿ ಕೊಂಡು ಕಳಿಸಬೇಡಿ. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ವಾಸ ಬದಲಿಸುವವರಿಗೆ ಸುಂಕ ವಿನಾಯಿತಿ ಇರುವುದು ಕನಿಷ್ಠ ಆರು ತಿಂಗಳು ಬಳಸಿದ ಸಾಮಾನಿಗೆ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗಾದರೆ ಮಗುವಿನ ಸೈಕಲ್ ಚಕ್ರ, ಶೂ ತಳ, ಹೊರಗಾಡುವ ಆಟಿಕೆಗಳನ್ನು ಬ್ರಷ್ ಹಾಕಿ ತೊಳೆದು ಒಣಗಿಸಿ. ಅಲ್ಲಿನ ಗಡಿ ತಪಾಸಣೆಯಲ್ಲಿ ಸಂದಿಯಲ್ಲಿ ಒಣಗಿದ ಮಣ್ಣು ಸಿಕ್ಕರೆ ತೊಳೆಯುವ ಖರ್ಚು ನಿಮ್ಮ ಮೇಲೇ ಬೀಳಬಹುದು. ಇನ್ನು, ಮಗು ತಬ್ಬಿ ಮಲಗುವ ಆ ಒಂದು ಗೊಂಬೆ ಅಥವಾ ಹೊದಿಕೆ ಕಂಟೇನರಿಗೂ ಬೇಡ, ಚೆಕ್-ಇನ್ ಸೂಟ್‌ಕೇಸಿಗೂ ಬೇಡ. ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಹದಿಮೂರು ಗಂಟೆಯ ವಿಮಾನ. ಚಿಕ್ಕವನನ್ನು ಹೇಗೆ ಸಂಭಾಳಿಸಲಿ?

ಉತ್ತರ: ತೊಟ್ಟಿಲು ಸಿಗುತ್ತದೆಂದು ನಂಬಿ ಕೂರಬೇಡಿ. ಬಹಳಷ್ಟು ವಿಮಾನಗಳಲ್ಲಿ ಮಿತಿ ಹತ್ತು ಹನ್ನೊಂದು ಕಿಲೋ, ಒಂದೂವರೆ ವರ್ಷದವನು ದಾಟಿರಬಹುದು. ದುಡ್ಡಿಗೆ ಆಗುವುದಾದರೆ ಸೀಟೇ ಕೊಳ್ಳಿ. ದ್ರವಕ್ಕೆ 100 ಮಿಲಿ ಮಿತಿಯಿರುವ ಕಡೆಯೂ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಹಾಲು, ಆಹಾರಕ್ಕೆ ವಿನಾಯಿತಿ ಇರುತ್ತದೆ. ತಪಾಸಣೆಯಲ್ಲಿ ಬೇರೆ ತೆಗೆದು ತೋರಿಸಿ. ಕಿವಿ ನೋವು ಹೆಚ್ಚು ಇಳಿಯುವಾಗ. ನೆಲ ಮುಟ್ಟುವ ಅರ್ಧ ಗಂಟೆ ಮುಂಚೆಯೇ ಎಬ್ಬಿಸಿ ಹಾಲು ಕುಡಿಸಿ, ನುಂಗಿದಂತೆ ಕಿವಿ ತೆರೆಯುತ್ತದೆ. ತಲುಪಿದ ಮೇಲೆ ನಿದ್ದೆ ಹೊಂದಿಕೊಳ್ಳಲು ಗಂಟೆಗೊಂದು ದಿನ ಎಂದು ಸ್ಥೂಲವಾಗಿ ಹಿಡಿಯಿರಿ. ಪೂರ್ವಕ್ಕೆ ಹೋದರೆ ಇನ್ನೂ ಕಷ್ಟ. ರಾತ್ರಿ ಎರಡಕ್ಕೆ ಎದ್ದು ಕೂತರೆ ಮಂದ ಬೆಳಕು, ಒಂದಿಷ್ಟು ಊಟ, ಟಿವಿ ಬೇಡ. ಹಗಲು ನಿದ್ದೆ ಎರಡು ಗಂಟೆ ಮೀರದಿರಲಿ.

ಪ್ರಶ್ನೆ: ಬಂದು ಎರಡು ತಿಂಗಳಾಯಿತು. ನಾಲ್ಕು ವರ್ಷದ ಮಗಳು ಶಾಲೆಯಲ್ಲಿ ಬಾಯಿಯೇ ಬಿಡುವುದಿಲ್ಲವಂತೆ. ಮನೆಯಲ್ಲೂ ಅಲ್ಲಿನ ಭಾಷೆಯನ್ನೇ ಆಡಿ ಎಂದು ಕೆಲವರು ಹೇಳುತ್ತಾರೆ.

ಉತ್ತರ: ಆ ಸಲಹೆ ಬಿಡಿ. ಹೊಸ ಭಾಷೆಗೆ ಬಿದ್ದ ಚಿಕ್ಕ ಮಕ್ಕಳಲ್ಲಿ ಅನೇಕರು ಕೆಲವು ತಿಂಗಳು ಕೇಳುತ್ತಾರೆ, ಆಡುವುದಿಲ್ಲ. ಆಡದಿದ್ದರೂ ಕಲಿಕೆ ನಡೆದಿರುತ್ತದೆ: ಟೀಚರ್ ಹೇಳಿದ್ದಕ್ಕೆ ತಲೆಯಾಡಿಸುತ್ತಾಳೆಯೇ, ಬೆರಳು ತೋರುತ್ತಾಳೆಯೇ, ಮನೆಗೆ ಬಂದು ಗೊಂಬೆಗಳಿಗೆ ಆ ಭಾಷೆಯಲ್ಲಿ ಗದರುತ್ತಾಳೆಯೇ ನೋಡಿ. ಇದ್ದರೆ ದಾರಿ ಸರಿಯಿದೆ. ಮನೆಮಾತನ್ನು ಕಿತ್ತುಕೊಂಡರೆ ಅವಳಿಗೆ ಸಲೀಸಾಗಿ ಅಳಲು, ಜಗಳವಾಡಲು ಇರುವ ಒಂದೇ ಭಾಷೆಯೂ ಹೋಗುತ್ತದೆ. ನೀವು ತಡವರಿಸುತ್ತ ಆಡುವ ಹೊಸ ಭಾಷೆಯಿಂದ ಅವಳಿಗೆ ಸಿಗುವುದೂ ಅಷ್ಟಕ್ಕಷ್ಟೆ. ಆರೇ ಮಾತು ಕಲಿಸಿ: ನೀರು ಬೇಕು, ಟಾಯ್ಲೆಟ್, ನೋಯುತ್ತಿದೆ, ಬೇಡ, ಸಹಾಯ ಮಾಡಿ, ಅಮ್ಮನನ್ನು ಕರೆಯಿರಿ. ಇವುಗಳ ಚಿತ್ರದ ಚೀಟಿಯೊಂದು ಟೀಚರ್ ಬಳಿಯೂ ಇರಲಿ. ಮಾತಾಡದ ಮಗು ಬಟ್ಟೆ ಒದ್ದೆ ಮಾಡಿಕೊಂಡು ಕೂರುವುದು ಹೇಳಲು ಪದವಿಲ್ಲದೆ. ಇಂದು ಎಷ್ಟು ಮಾತಾಡಿದೆ ಎಂದು ಸಂಜೆ ವಿಚಾರಣೆ ಮಾಡಬೇಡಿ, ಯಾರ ಪಕ್ಕ ಕೂತೆ ಎಂದು ಕೇಳಿ. ಆ ಮಗುವನ್ನು ಒಂದು ದಿನ ಮನೆಗೆ ಕರೆಯಿರಿ. ತನ್ನ ಆಟಿಕೆಗಳ ನಡುವೆ ಬಾಯಿ ಬೇಗ ಬಿಡುತ್ತದೆ.

ಮನೆಯಲ್ಲೂ ಮಾತು ಕಡಿಮೆಯಾದರೆ, ಬರುತ್ತಿದ್ದ ಪದಗಳು ಮರೆಯಾದರೆ, ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಾತಿನ ತಜ್ಞರು. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತ, ಶಾಲೆಯಲ್ಲಿ ಆರು ತಿಂಗಳಾದರೂ ಸನ್ನೆಯೂ ಮಾಡದೆ ಮರಗಟ್ಟಿದಂತೆ ನಿಂತರೆ ಆಗಲೂ ತೋರಿಸಿ. ತಜ್ಞರಿಗೆ ಮನೆಮಾತು ಬಾರದಿದ್ದರೆ, ಅವಳು ಮನೆಯಲ್ಲಿ ಹರಟುವ ಎರಡು ಮೂರು ನಿಮಿಷದ ವಿಡಿಯೋ ಒಯ್ಯಿರಿ.